ಮಳೆ ಹಿಡಿದರೆ ಜಗಲಿಯೇ ಆಟದ ಅಂಗಳ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ ಕಡೆ ಪುಟ್ಟ ಮಕ್ಕಳಿಗೆ ಹೊರಗೆ ಕಾಲಿಡಲು ಆಗುವುದೇ ಇಲ್ಲ. ಒಳಗಿದ್ದರೆ ಮೊಬೈಲ್‌ಗೆ ಹಟ. ಕರೆಂಟ್ ಹೋಗಿ ಚಾರ್ಜ್ ಮುಗಿದರಂತೂ ಮುಗಿಯಿತು! ಮುಟ್ಟಿ, ಮೂಸಿ, ಕಿವಿಗೊಟ್ಟು ಕಲಿಯುವ ವಯಸ್ಸು ಅಲ್ವಾ ಅದು? ಅದಕ್ಕೆ ಬೇಕಾದ ಸಾಮಾನು ಮನೆ ಸುತ್ತಲೇ ಇದೆ.

ಮೊದಲು ಜಾಗ ಸಿದ್ಧ ಮಾಡಿ. ಜಗಲಿಯ ಅಂಚಿಗೆ ಗೋಣಿಚೀಲ ಹಾಸಿ, ನಯವಾದ ನೆಲ ಒದ್ದೆಯಾದರೆ ಜಾರುತ್ತದೆ. ಒಣ ಟವೆಲ್, ಒಂದು ಜೊತೆ ಬಟ್ಟೆ ಪಕ್ಕದಲ್ಲಿರಲಿ. ದಿನಕ್ಕೆ ಒಂದೇ ಆಟ ಸಾಕು. ನಾಲ್ಕೈದು ಒಟ್ಟಿಗೆ ಹರಡಿದರೆ ಮಗು ಯಾವುದರಲ್ಲೂ ನಿಲ್ಲುವುದಿಲ್ಲ.

ನನಗೆ ಹೆಚ್ಚು ಇಷ್ಟ ಸೂರಿನ ನೀರಿನ ಆಟ. ಹಂಚಿನ ಮಾಡಿನಿಂದ ಸಾಲಾಗಿ ನೀರು ಇಳಿಯುತ್ತದಲ್ಲ, ಅದರ ಕೆಳಗೆ ಬೋರಲು ಹಾಕಿದ ಸ್ಟೀಲ್ ಪಾತ್ರೆ, ಅಡಿಕೆ ಹಾಳೆ, ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಬಕೆಟ್ ಇಡಿ. ಪಾತ್ರೆ ಟಣಟಣ ಅಂದರೆ ಹಾಳೆ ದಬದಬ ಅನ್ನುತ್ತದೆ. ಮಗು ಒಂದೊಂದನ್ನೇ ಆಚೀಚೆ ಸರಿಸಿ ಕೇಳಲಿ. ಮೂರು ದಾಟಿದವರಾದರೆ ಕಣ್ಣು ಮುಚ್ಚಿಸಿ, ‘ಈಗ ಯಾವುದು?’ ಎಂದು ಕೇಳಬಹುದು. ನೀವು ಜಾಸ್ತಿ ಮಾತಾಡಬೇಡಿ. ಗುಡುಗು ಶುರುವಾದರೆ ಆಟ ಬಿಟ್ಟು ಎಲ್ಲರೂ ಒಳಗೆ. ಬಕೆಟ್‌ನಲ್ಲಿ ನಿಂತ ನೀರನ್ನು ಆಗಾಗ ಚೆಲ್ಲುತ್ತಿರಿ. ನಾಲ್ಕು ಬೆರಳು ಆಳದ ನೀರೂ ಪುಟ್ಟ ಮಗುವಿಗೆ ಅಪಾಯ, ಹಾಗಾಗಿ ಒಂದು ನಿಮಿಷಕ್ಕೂ ಎದ್ದು ಹೋಗುವಂತಿಲ್ಲ.

ಇನ್ನೊಂದು, ದಾಸವಾಳದ ಲೋಳೆ. ಎರಡು ಹಿಡಿ ಎಲೆ ತೊಳೆದು ಹರಿದು, ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ. ಮಗುವೇ ಕಿವುಚಲಿ. ಸ್ವಲ್ಪ ಹೊತ್ತಿಗೆ ನೀರು ಹಸಿರಾಗಿ, ದಪ್ಪಗಾಗಿ, ಬೆರಳ ಸಂದಿಯಿಂದ ನೂಲಿನ ಹಾಗೆ ಇಳಿಯುತ್ತದೆ. ಕೆಲವು ಮಕ್ಕಳಿಗೆ ಇದು ಅಸಹ್ಯ ಅನ್ನಿಸಬಹುದು. ಒತ್ತಾಯ ಬೇಡ, ಕೈಗೊಂದು ಚಮಚ ಕೊಡಿ. ಅಂಗಡಿಯ ಬಣ್ಣದ ಸ್ಲೈಮ್‌ಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಉಳಿದ ಲೋಳೆಯನ್ನು ಅಮ್ಮನೋ ಅಜ್ಜಿಯೋ ತಲೆಗೆ ಹಚ್ಚಿಕೊಳ್ಳಲಿ.

ಮೂಸುವ ಆಟಕ್ಕೆ ಅರಿಶಿನ ಎಲೆ, ಮಜ್ಜಿಗೆ ಹುಲ್ಲು (ನಿಂಬೆ ಹುಲ್ಲು), ತುಳಸಿ, ಜಜ್ಜಿದ ಏಲಕ್ಕಿ ಸಾಕು. ಬೇರೆ ಬೇರೆ ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಕೊಡಿ. ಮೆಣಸಿನ ಪುಡಿ ಹತ್ತಿರಕ್ಕೂ ಬೇಡ.

ಕೆಸುವಿನ ಎಲೆಯ ಮೇಲೆ ಹನಿ ಉರುಳುವುದನ್ನು ನೋಡಲು ಎಲ್ಲ ಮಕ್ಕಳಿಗೂ ಆಸೆ. ತೋರಿಸಿ, ಆದರೆ ಎಲೆ ನಿಮ್ಮ ಕೈಯಲ್ಲೇ ಇರಲಿ. ಹಸಿ ಕೆಸು ಬಾಯಿಗೆ ಹೋದರೆ ನಾಲಿಗೆ, ಗಂಟಲು ತುರಿಸಿ ಊದಿಕೊಳ್ಳುತ್ತದೆ. ಸಿಕ್ಕಿದ್ದೆಲ್ಲ ಬಾಯಿಗಿಡುವ ವಯಸ್ಸಾದರೆ ಬಾಳೆಎಲೆಯೇ ವಾಸಿ. ಹುಣಸೆ ಬೀಜ, ಅಡಿಕೆಯಂಥ ಚಿಕ್ಕ ವಸ್ತು ಮೂರು ವರ್ಷದೊಳಗಿನವರಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗುಲಗಂಜಿ ಮಾತ್ರ ಯಾವ ವಯಸ್ಸಿಗೂ ಬೇಡ, ಅದು ವಿಷ.

ಮಣ್ಣಾಟಕ್ಕೆ ಕೊಟ್ಟಿಗೆ ಪಕ್ಕದ ಮಣ್ಣು ತರಬೇಡಿ. ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಕಾಲ್ಬೆರಳ ಸಂದಿಯಲ್ಲಿ ಇಂಬಳ (ಜಿಗಣೆ) ಇದೆಯೇ ನೋಡಿ.

ಮಳೆ ಮುಗಿದು ಚಳಿ ಬಂದಾಗ ಆಟವೂ ಬದಲಾಗುತ್ತದೆ. ಆಗ ದರಗಿನ, ಅಂದರೆ ಒಣಗಿ ಉದುರಿದ ಎಲೆಗಳ ಮೇಲೆ ಚರಚರ ನಡೆಯುವುದೇ ಖುಷಿ. ಅಂಗಳದ ಮಾವು, ಹಲಸಿನ ಎಲೆಯೇ ಇರಲಿ, ಕಾಡಿನ ದರಗು ತರಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ರಕ್ತ ಹೀರುವ ಪುಟ್ಟ ಉಣುಗಿನಿಂದ (ಉಣ್ಣೆ). ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಜಾಸ್ತಿ. ಅಂಗಳದ ಎಲೆಯನ್ನೂ ಕೋಲಿನಿಂದ ಕೆದಕಿ, ಚೇಳು, ಇರುವೆ ಇಲ್ಲವೆಂದು ನೋಡಿಯೇ ಮಗುವನ್ನು ಬಿಡಿ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಬಂದರೆ ಆ ವರ್ಷ ದರಗಿನ ಆಟವೇ ಬೇಡ.