ಬ್ಯಾಂಕಾಕ್ ಎಟಿಎಂನಲ್ಲಿ ದುಡ್ಡು ಸೋರೋದು ನಿಂತಿದ್ದು ಹೀಗೆ
ಅಮ್ಮನ್ನ ಥಾಯ್ಲೆಂಡ್‌ಗೆ ಕರ್ಕೊಂಡು ಹೋಗಿದ್ದೆ, ಮೊದಲೆರಡು ದಿನ ಬೇಕಾದಾಗೆಲ್ಲ ಎಟಿಎಂನಲ್ಲಿ 2000 ಬಾತ್ ತೆಗೀತಿದ್ದೆ, ರಾತ್ರಿ ಲೆಕ್ಕ ಹಾಕಿದ್ರೆ ತಾಳೆನೇ ಆಗ್ತಿಲ್ಲ. ಸ್ಲಿಪ್ ನೋಡಿದ್ರೆ ಪ್ರತಿ ಸಲಕ್ಕೂ 220 ಬಾತ್ ಚಾರ್ಜು, ಅಂದ್ರೆ ನೂರಕ್ಕೆ 11! ಹೊಟ್ಟೆ ಉರಿದೋಯ್ತು. ಅದು ಸಾಲದು ಅಂತ ಸ್ಕ್ರೀನಲ್ಲಿ ರೂಪಾಯಿ ಲೆಕ್ಕ ತೋರಿಸಿ ಒಪ್ಪಿಗೆನಾ ಅಂತ ಕೇಳಿದಾಗ ಹೂಂ ಅಂತ ಒತ್ತಿಬಿಟ್ಟಿದ್ದೆ, ಆ ರೇಟು ಮಷೀನ್‌ನವರದ್ದು, ನಮ್ಮ ಬ್ಯಾಂಕಿಂದಲ್ಲ, ಅದಕ್ಕೇ ದುಬಾರಿ. ಮೂರನೇ ದಿನ ಕನ್ವರ್ಷನ್ ಬೇಡ ಅಂತ ಒತ್ತಿ ಒಂದೇ ಸಲ 10000 ಬಾತ್ ತೆಗೆದೆ, ಅಮ್ಮ ಅದನ್ನ ದಿನಕ್ಕಿಷ್ಟು ಅಂತ ಐದು ಕವರ್‌ಗೆ ಹಾಕಿ ಮೇಲೆ ಪೆನ್ನಲ್ಲಿ ವಾರ ಬರೆದ್ಲು. ಅಂಗಡಿ ಕಾರ್ಡ್ ಮಷೀನಲ್ಲೂ ರೂಪಾಯಿನಾ ಬಾತಾ ಅಂತ ಕೇಳಿದ್ರೆ ಬಾತೇ ಅನ್ನಿ. ಕೊನೇ ಕವರಲ್ಲಿ ಉಳಿದಿದ್ದರಲ್ಲಿ ಅಮ್ಮಂಗೊಂದು ಛತ್ರಿ ತಗೊಂಡ್ವಿ.