ಭೂಪಾಲಿ ಕೇಳಿದ ಕಿವಿಗೆ ಗ್ರೀಗ್ ಮತ್ತು ಬಿಜೇ

ಒಂದು ಮಗ್ಗುಲಲ್ಲಿ ನಾರ್ವೆಯ ಸಂಗೀತಗಾರ ಗ್ರೀಗ್‌ನ ‘ಪೇರ್ ಗೀಂಟ್’, ಇನ್ನೊಂದರಲ್ಲಿ ಫ್ರಾನ್ಸಿನ ಬಿಜೇಯ ‘ಲಾರ್ಲೇಸಿಯೆನ್’. ಮುಂಬೈಯ ಚೋರ್ ಬಜಾರಿನಲ್ಲಿ ಹಳೇ ರೆಕಾರ್ಡ್ ಕೆದಕುವಾಗ ಈ ಜೋಡಿ ಸಿಕ್ಕರೆ ಬಿಡಬೇಡಿ. ಕವರ್ ಹರಿದಿದ್ದರೂ ಪರವಾಗಿಲ್ಲ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರು ಇದೆಯಾ ನೋಡಿ, ಸಾಕು. ಫೋನಿನಲ್ಲಿ ಕೇಳಿದರೂ ಸರಿ, ಲೋಕಲ್ ಟ್ರೇನಿನಲ್ಲಿ ಮಾತ್ರ ಬೇಡ. ‘ಪೇರ್ ಗೀಂಟ್’ನ ‘ಓಸೆಯ ಸಾವು’ ಭಾಗದಲ್ಲಿ ಇರುವುದು ಮ್ಯೂಟ್ (ದನಿ ತಗ್ಗಿಸುವ ಪುಟ್ಟ ಸಾಧನ) ಹಾಕಿದ ತಂತಿವಾದ್ಯಗಳಷ್ಟೇ. ಅದರ ಕೊನೆ ಎಷ್ಟು ಮೆಲ್ಲಗೆ ಅಂದರೆ, ಮಾಟುಂಗಾದ ನಮ್ಮ ಮನೆಯಲ್ಲಿ ನಾನು ಫ್ಯಾನ್ ಕೂಡ ಆರಿಸುತ್ತೇನೆ. ವಾಲ್ಯೂಮನ್ನು ಇದಕ್ಕೆ ಹೊಂದಿಸಿ, ಆಮೇಲೆ ಮುಟ್ಟಬೇಡಿ.

ಈಗ ‘ಮುಂಜಾವು’ ಹಾಕಿ. ಇಬ್ಸೆನ್‌ನ ‘ಪೇರ್ ಗೀಂಟ್’ ನಾಟಕಕ್ಕೆ ಗ್ರೀಗ್ ಬರೆದ ಸಂಗೀತ ಇದು, ಮೊದಲ ಪ್ರದರ್ಶನ 1876ರಲ್ಲಿ. ಬೆಳಗಾಗುವುದು ನಾರ್ವೆಯಲ್ಲಲ್ಲ, ಮೊರಾಕ್ಕೋದಲ್ಲಿ! ಶುರುವಿನ ಸ್ವರಗಳು ಪ ಗ ರಿ ಸ ರಿ ಗ. ಭೂಪಾಲಿ ರಾಗ ನೆನಪಾಗುತ್ತದೆ, ಅಲ್ವಾ? ಆದರೆ ರಾಗ ಬೆಳೆಯಲಿ ಅಂತ ಕಾಯಬೇಡಿ. ಇಲ್ಲಿ ಬೆಳೆಯುವುದು ಬಣ್ಣ. ಫ್ಲೂಟ್ ಹೇಳಿದ್ದನ್ನೇ ಓಬೋ ಎಂಬ ಇನ್ನೊಂದು ಊದುವ ವಾದ್ಯ ಹೇಳುತ್ತದೆ, ಮತ್ತೆ ಫ್ಲೂಟ್, ಮತ್ತೆ ಓಬೋ. ಆಮೇಲೆ ತಂತಿವಾದ್ಯಗಳೆಲ್ಲ ಒಟ್ಟಿಗೆ ಎತ್ತಿಕೊಳ್ಳುತ್ತವೆ. ‘ಏನು ನುಡಿಸುತ್ತಿದ್ದಾರೆ’ ಅನ್ನುವುದನ್ನು ಬಿಟ್ಟು ‘ಯಾರು ನುಡಿಸುತ್ತಿದ್ದಾರೆ’ ಅಂತ ಕೇಳಿ. ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಇದೊಂದು ಅಭ್ಯಾಸವಾದರೆ ಮಿಕ್ಕಿದ್ದೆಲ್ಲ ಸಲೀಸು.

‘ಬೆಟ್ಟದ ರಾಜನ ಸಭೆ’ಗೆ ಜಾಸ್ತಿ ಹೇಳಬೇಕಾಗಿಲ್ಲ. ಒಂದೇ ಧಾಟಿ. ಕೆಳಸ್ವರದ ತಂತಿಗಳನ್ನು ಬೆರಳಲ್ಲಿ ಮೀಟುತ್ತಾ, ಜೊತೆಗೆ ಬಸೂನ್ ಎಂಬ ಕೆಳದನಿಯ ಊದುವ ವಾದ್ಯ ಇಟ್ಟುಕೊಂಡು ಶುರುವಾಗಿ, ಲಯ ಏರುತ್ತಾ ಹೋಗುತ್ತದೆ.

ಮಗ್ಗುಲು ತಿರುಗಿಸಿ. 1872ರಲ್ಲಿ ದೋದೆಯ ‘ಲಾರ್ಲೇಸಿಯೆನ್’ ನಾಟಕದ ಸಂಗೀತಕ್ಕೆ ಬಿಜೇ ಕೈಗೆ ಸಿಕ್ಕಿದ್ದು ಬರೀ 26 ವಾದಕರು. ಅದೇ ವರ್ಷ ಅವನು ಅದರಿಂದ ಆರಿಸಿ, ದೊಡ್ಡ ಆರ್ಕೆಸ್ಟ್ರಾಗೆ ಮೊದಲ ಸೂಟ್ (ಬಿಡಿ ತುಣುಕುಗಳ ಮಾಲೆ) ಬರೆದ. ಅದರ ಪ್ರೆಲ್ಯೂಡ್‌ನಲ್ಲಿ, ಅಂದರೆ ಶುರುವಿನ ಭಾಗದಲ್ಲಿ, ಸ್ಯಾಕ್ಸೋಫೋನ್ ಬರುವ ಜಾಗ ನನಗೆ ತುಂಬಾ ಇಷ್ಟ. ಕದ್ರಿ ಗೋಪಾಲನಾಥರನ್ನು ಕೇಳಿದವರು ಆ ದನಿಯನ್ನು ತಕ್ಷಣ ಹಿಡಿಯುತ್ತಾರೆ. ಇಲ್ಲಿ ಗಮಕವಿಲ್ಲ, ನೇರವಾಗಿ ಎಳೆದ ಸ್ವರಗಳು, ಆದರೂ ಎದೆ ಹಿಂಡುತ್ತದೆ.

ಕೊನೆಗೆ ಎರಡನೇ ಸೂಟಿನ ‘ಫರಾಂಡೋಲ್’. ಬಿಜೇ ತೀರಿಕೊಂಡ ಮೇಲೆ, 1879ರಲ್ಲಿ, ಗೆಳೆಯ ಗಿರೋ ಜೋಡಿಸಿದ್ದು. ಗತ್ತಿನ ಮಾರ್ಚ್ ಒಂದು, ಚುರುಕಾದ ಕುಣಿತ ಒಂದು. ಎರಡೂ ಬೇರೆ ಬೇರೆಯಾಗಿ ಬಂದು ಕೊನೆಯಲ್ಲಿ ಒಟ್ಟಿಗೆ ಓಡುತ್ತವೆ. ಮೊದಲ ಸಲ ಮಾರ್ಚನ್ನಷ್ಟೇ ಹಿಂಬಾಲಿಸಿ. ಮುಳ್ಳನ್ನು ಹಿಂದಕ್ಕಿಟ್ಟು ಇನ್ನೊಮ್ಮೆ ಕೇಳುವಾಗ ಕುಣಿತವನ್ನು ಹಿಡಿದುಕೊಳ್ಳಿ.