ಹಳೇ .32 ಪಿಸ್ತೂಲು: ಕೊಳ್ಳುವ ಮೊದಲು ಹೋಲಿಸಿ ನೋಡೋದು ಹೇಗೆ

ಬಳ್ಳಾರಿ, ಸಂಡೂರು ಕಡೆ ಲೈಸೆನ್ಸ್ ಇರುವ ಗೆಳೆಯರು ಕೇಳೋದು ಒಂದೇ: ಹಳೇ ಫಾರಿನ್ ಪಿಸ್ತೂಲು ಯಾವುದು ತಗೊಳ್ಳಲಿ? ಹೊರದೇಶದವರ ಹಾಗೆ ಸರ್‌ಪ್ಲಸ್ (ಸೇನೆ, ಪೊಲೀಸರು ಬಳಸಿ ಮಾರಿದ) ಪಿಸ್ತೂಲುಗಳನ್ನು ಸಾಲಾಗಿ ಕೂಡಿಡೋಕೆ ನಮ್ಮಲ್ಲಿ ಆಗಲ್ಲ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಸಾಮಾನ್ಯ ಲೈಸೆನ್ಸಿಗೆ ಎರಡೇ ಬಂದೂಕು. 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಅಳತೆ). ಹೆಚ್ಚಾಗಿ ಉಳಿಯೋದು .32 ಬೋರ್, ಅದೂ ಇನ್ನೊಬ್ಬ ಲೈಸೆನ್ಸ್‌ದಾರರ ಕೈಯಿಂದ ಬರಬೇಕು. ಅದಕ್ಕೇ ಹೇಳ್ತೀನಿ, ಹೆಸರಿಗೆ ದುಡ್ಡು ಕೊಡಬೇಡಿ, ಸ್ಥಿತಿಗೆ ಕೊಡಿ.

ಮೊದಲು ಕಾಗದ. ಲೈಸೆನ್ಸಿನಲ್ಲಿರುವ ನಂಬರೂ ಲೋಹದ ಮೇಲಿನ ನಂಬರೂ ಒಂದೇ ಇರಬೇಕು. ನಂಬರು ಉಜ್ಜಿದ್ದರೆ ಅಲ್ಲಿಗೇ ಮಾತು ಮುಗೀತು. ಖಾಸಗಿಯಾಗಿ ಮಾರುವವರು ಜಿಲ್ಲಾಧಿಕಾರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು, ಅವಸರ ಮಾಡಿಸಬೇಡಿ.

ಆಮೇಲೆ ಗುಂಡು. ಪಿಸ್ತೂಲಿನ .32 ಬೇರೆ, ಕಾನ್ಪುರದ ಕಾರ್ಖಾನೆಯ ರಿವಾಲ್ವರಿನ .32 ಬೇರೆ. ಮೊದಲನೆಯದು 7.65×17 ಎಂಎಂ, ಎರಡನೆಯದು 7.65×23 ಎಂಎಂ. ಒಂದರ ಗುಂಡು ಇನ್ನೊಂದಕ್ಕೆ ಅಲ್ಲ.

ಈಗ ಪಿಸ್ತೂಲು ಕೈಗೆ ತಗೊಳ್ಳಿ. ಮ್ಯಾಗಜಿನ್ ತೆಗೀರಿ, ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆಳೆದು ಚೇಂಬರ್ (ಗುಂಡು ಕೂರುವ ಜಾಗ) ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಜರ್ಮನಿಯ ವಾಲ್ಥರ್ ಪಿಪಿ ಆದರೆ ಸ್ಲೈಡ್ ಮೇಲಿನ ಊರು ಓದಿ: ಯುದ್ಧಕ್ಕೆ ಮುಂಚಿನದಾದರೆ ಝೆಲ್ಲಾ-ಮೆಹ್ಲಿಸ್, ನಂತರದ ಜರ್ಮನ್‌ದಾದರೆ ಉಲ್ಮ್. ಅಕ್ಷರದ ಅಂಚು ಮಸುಕಾಗಿ, ಮೇಲಿನ ಕಪ್ಪು ಬಣ್ಣ ಮಾತ್ರ ಹೊಸದಾಗಿ ಮಿಂಚುತ್ತಿದ್ದರೆ ಯಾರೋ ಪಾಲಿಶ್ ಹೊಡೆದು ಮತ್ತೆ ಬ್ಲೂಯಿಂಗ್ (ಲೋಹಕ್ಕೆ ಕಪ್ಪು ಬಣ್ಣ ಕೊಡೋದು) ಮಾಡಿಸಿದ್ದಾರೆ ಅಂತಲೇ ತಿಳ್ಕೊಳ್ಳಿ. ಪಿಪಿ, ಚೆಕ್ ಸಿಝಡ್ 70 ಎರಡರಲ್ಲೂ ಬ್ಯಾರೆಲ್ ಫ್ರೇಮಿಗೇ ಕೂತಿರುತ್ತೆ, ಸ್ಪ್ರಿಂಗ್ ಬ್ಯಾರೆಲ್ ಸುತ್ತ ಇರುತ್ತೆ. ಹಾಗಾಗಿ ಇವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸೋದು ಸುಲಭ. ಎರಡರ ಮ್ಯಾಗಜಿನ್ನಿಗೂ ಎಂಟು ಗುಂಡು. ನನ್ನ ಕೇಳಿದರೆ, ಚೆನ್ನಾಗಿ ಇಟ್ಟುಕೊಂಡ ಸಿಝಡ್ ಮುಂದೆ ಸವೆದ ವಾಲ್ಥರ್ ಏನೂ ಅಲ್ಲ.

ಸ್ಲೈಡ್ ತೆಗೆಸಿ, ಬ್ಯಾರೆಲ್ ಒಳಗೆ ಬೆಳಕು ಬಿಟ್ಟು ನೋಡಿ. ಒಳಗೋಡೆಯ ಸುರುಳಿ ಗೆರೆ ಚೂಪಾಗಿರಬೇಕು. ಒಳಗೆ ಒಂದು ಕಡೆ ಕಪ್ಪು ಉಂಗುರ ಕಂಡರೆ ಬ್ಯಾರೆಲ್ ಉಬ್ಬಿರಬಹುದು, ಬೇಡ ಅನ್ನಿ. ಸ್ಲೈಡಿನಲ್ಲಿ ಬಿರುಕು ಹುಡುಕಿ. ಮ್ಯಾಗಜಿನ್ ತುಟಿ (ಗುಂಡು ಹಿಡಿಯುವ ಮೇಲಂಚು) ಬಾಗಿದೆಯಾ ನೋಡೋದನ್ನ ಜಾಸ್ತಿ ಜನ ಮರೀತಾರೆ. ಈ ಗುಂಡಿನ ತಳಕ್ಕೆ ಸಣ್ಣ ರಿಮ್ (ಹೊರಚಾಚಿದ ಅಂಚು) ಇದೆ, ಒಂದರ ರಿಮ್ ಹಿಂದೆ ಇನ್ನೊಂದರದು ಸಿಕ್ಕಿಕೊಂಡರೆ ಪಿಸ್ತೂಲು ಜಾಮ್ ಆಗುತ್ತೆ. ಮೂಲ ಮ್ಯಾಗಜಿನ್ ಎರಡು ಕೊಡ್ತಾರಾ? ಹಾಗಾದರೆ ಬೆಲೆ ಸ್ವಲ್ಪ ಜಾಸ್ತಿ ಆದರೂ ಒಪ್ಪಿಕೊಳ್ಳಿ, ಇವತ್ತು ಸುಲಭಕ್ಕೆ ಸಿಗಲ್ಲ.

ನಮ್ಮ ಕಡೆಯ ಪಿಸ್ತೂಲಾದರೆ ಗ್ರಿಪ್ ಬಿಚ್ಚಿಸಲೇಬೇಕು. ಅದಿರಿನ ಕೆಂಪು ಧೂಳು ಎಣ್ಣೆ ಜೊತೆ ಸೇರಿ ಅಲ್ಲೇ ಅಂಟಿಕೊಂಡಿರುತ್ತೆ. ಒಣ ಬಟ್ಟೆಯಲ್ಲಿ ಒರೆಸಿ: ಧೂಳಾದರೆ ಬಟ್ಟೆಗೆ ಬರುತ್ತೆ, ತುಕ್ಕಾದರೆ ಅಲ್ಲೇ ಗುಳಿ ಬಿದ್ದಿರುತ್ತೆ. ಬಿಚ್ಚೋಕೆ ಬಿಡಲ್ಲ ಅನ್ನುವವರ ಹತ್ತಿರ ಕೊಳ್ಳಬೇಡಿ.